ಚೆಕ್‌ಸಮ್ ತಪಾಸಣೆ: ಹಂಚಿಕೆಯ ಕೋಡನ್ನು ಓಡಿಸುವ ಮುನ್ನ

ಬೇರೊಬ್ಬರು ಬರೆದು ಅಂತರಜಾಲದಲ್ಲಿ ಹಂಚಿದ ಕೋಡ್ ತುಣುಕನ್ನು ನಮ್ಮ ಕಂಪ್ಯೂಟರಿನಲ್ಲಿ ಓಡಿಸುವ ಮೊದಲು, ಅದು ಅವರು ಪ್ರಕಟಿಸಿದ ಕಡತವೇ ಹೌದೇ ಎಂದು ಒಂದು ಸಂಖ್ಯೆಯ ಮೂಲಕ ತಾಳೆ ನೋಡುವ ಕ್ರಮವೇ ಚೆಕ್‌ಸಮ್ ತಪಾಸಣೆ. ಕಡತದ ಎಲ್ಲ ಬೈಟ್‌ಗಳನ್ನೂ ಒಂದು ನಿಗದಿತ ಲೆಕ್ಕಕ್ಕೆ ಒಳಪಡಿಸಿದಾಗ ಬರುವ ಚಿಕ್ಕ ಉತ್ತರಕ್ಕೆ ಚೆಕ್‌ಸಮ್ ಎಂದು ಹೆಸರು. ಬರೆದವರು ಹೇಳಿದ ಉತ್ತರವೂ ನಮ್ಮ ಯಂತ್ರ ಕೊಟ್ಟ ಉತ್ತರವೂ ಒಂದೇ ಆದರೆ ಕಡತ ದಾರಿಯಲ್ಲಿ ಬದಲಾಗಿಲ್ಲ ಎಂದು ತಿಳಿಯಬಹುದು. ‘ಇದು ಅದೇನಾ?’ ಎಂಬ ಪ್ರಶ್ನೆಗೆ ಮಾತ್ರ ಇದರಿಂದ ಉತ್ತರ ಸಿಗುತ್ತದೆ, ‘ಇದು ಒಳ್ಳೆಯದಾ?’ ಎಂದರೆ ಚೆಕ್‌ಸಮ್ ಬಾಯಿ ಬಿಡುವುದಿಲ್ಲ. ಈ ಎರಡು ಪ್ರಶ್ನೆಗಳನ್ನು ಬೆರೆಸಿದರೆ ಮೋಸಹೋಗುವುದು ಸುಲಭ.

ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಇದು ದೂರದ ವಿಷಯವಲ್ಲ. 1947ರಲ್ಲಿ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಸಂಸ್ಥೆ, 2015ರ ಐಐಐಟಿ, 2016ರ ಐಐಟಿ, ಇವುಗಳಿಂದ ಅವಳಿ ನಗರದಲ್ಲಿ ಕೋಡ್ ಬರೆಯುವವರ ಸಂಖ್ಯೆ ದೊಡ್ಡದಾಗಿದೆ. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಎಲ್ಲಿಂದಲೋ ಒಂದು ಸಾಲಿನ ಆಜ್ಞೆಯನ್ನು ನಕಲು ಮಾಡಿ ಟರ್ಮಿನಲ್ಲಿಗೆ ಅಂಟಿಸುವುದು ಎಲ್ಲ ಊರಿನ ವಿದ್ಯಾರ್ಥಿಗಳ ರೂಢಿ. ಆ ಸಾಲಿನ ಹಿಂದೆ ಏನಿದೆ ಎಂದು ನೋಡುವ ವ್ಯವಧಾನ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ.

ಕೂಡಿಕೆಯಿಂದ ಹ್ಯಾಶ್‌ವರೆಗೆ

ಚೆಕ್‌ಸಮ್ ಹುಟ್ಟಿದ್ದು ಕಳ್ಳರನ್ನು ಹಿಡಿಯಲಿಕ್ಕಲ್ಲ, ಕೈತಪ್ಪುಗಳನ್ನು ಹಿಡಿಯಲಿಕ್ಕೆ. ಜಮಾ-ಖರ್ಚು ತಾಳೆಯಾಗದಿದ್ದಾಗ ಹಳೆಯ ಲೆಕ್ಕಿಗರು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಾರೆ. ಶೇಷ ಉಳಿಯದಿದ್ದರೆ ಎಲ್ಲೋ 54 ಬರೆಯುವಲ್ಲಿ 45 ಬಿದ್ದಿರಬಹುದು ಎಂಬ ಗುಮಾನಿ. ಧಾರವಾಡದ ಸುಭಾಷ್ ರಸ್ತೆಯ ಅಂಗಡಿಯಲ್ಲಿ ಕೊಂಡ ಪುಸ್ತಕದ ಬೆನ್ನಿಗೆ ಅಚ್ಚಾದ 13 ಅಂಕಿಗಳ ಐಎಸ್‌ಬಿಎನ್‌ನಲ್ಲಿ ಕೊನೆಯದು ಇಂಥದೇ ತಾಳೆಯಂಕಿ. ಉಳಿದ 12 ಅಂಕಿಗಳಿಗೆ ಕ್ರಮವಾಗಿ 1, 3, 1, 3 ಎಂದು ಗುಣಿಸಿ ಕೂಡಿ ಅದನ್ನು ಪಡೆಯುತ್ತಾರೆ. ಇದಕ್ಕೊಂದು ಕುರುಡು ಮೂಲೆಯಿದೆ: ಪಕ್ಕಪಕ್ಕದ ಎರಡು ಅಂಕಿಗಳ ನಡುವೆ 5ರ ಅಂತರವಿದ್ದರೆ, ಅವು ಹಿಂದುಮುಂದಾದರೂ ಗೊತ್ತಾಗುವುದಿಲ್ಲ. ಆಧಾರ್ ಸಂಖ್ಯೆಯ 12ನೇ ಅಂಕಿಗೆ ಬಳಸಿರುವ, ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್ 1969ರಲ್ಲಿ ರೂಪಿಸಿದ ವಿಧಾನ ಆ ಮೂಲೆಯನ್ನೂ ಮುಚ್ಚುತ್ತದೆ. ಒಂದು ಅಂಕಿ ತಪ್ಪಾದರೂ ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೂ ಅದು ಬಿಡದೆ ಹಿಡಿಯುತ್ತದೆ. ದೂರಸಂಪರ್ಕದಲ್ಲಿ, ಜಿಪ್ ಕಡತಗಳಲ್ಲಿ ಇದೇ ಕೆಲಸಕ್ಕೆ ಬಳಸುವ ಸಿಆರ್‌ಸಿ ವಿಧಾನವನ್ನು ಡಬ್ಲ್ಯು. ವೆಸ್ಲಿ ಪೀಟರ್ಸನ್ 1961ರಲ್ಲಿ ಮುಂದಿಟ್ಟರು.

ಇವೆಲ್ಲ ಪ್ರಾಮಾಣಿಕ ತಪ್ಪಿಗೆ ಮದ್ದು. ಉದ್ದೇಶಪೂರ್ವಕವಾಗಿ ಕಡತ ತಿದ್ದುವವನು ಉತ್ತರ ಮೊದಲಿನಂತೆಯೇ ಬರುವ ಹಾಗೆ ಇನ್ನೊಂದು ಕಡೆ ಒಂದಿಷ್ಟು ಸರಿದೂಗಿಸಿಬಿಡುತ್ತಾನೆ. ಅದನ್ನು ತಡೆಯಲು ಗುಪ್ತಲಿಪಿಶಾಸ್ತ್ರದ ಹ್ಯಾಶ್ ಫಲನಗಳು ಬಂದವು. ಅವುಗಳಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಉತ್ತರ ಪೂರ್ತಿ ಬೇರೆಯಾಗುತ್ತದೆ; ಬೇಕಾದ ಉತ್ತರ ಬರುವಂಥ ಕಡತವನ್ನು ಕಟ್ಟಿಕೊಳ್ಳುವ ಅಡ್ಡದಾರಿ ಯಾರಿಗೂ ತಿಳಿದಿರಬಾರದು. ರೊನಾಲ್ಡ್ ರಿವೆಸ್ಟ್ ರೂಪಿಸಿದ ಎಂಡಿ5 ವಿಧಾನ 1992ರಲ್ಲಿ ಪ್ರಕಟವಾಯಿತು. 2004ರಲ್ಲಿ ಚೀನಾದ ವಾಂಗ್ ಶಿಯಾವ್ಯುನ್ ಮತ್ತು ಸಂಗಡಿಗರು ಒಂದೇ ಎಂಡಿ5 ಉತ್ತರ ಕೊಡುವ ಎರಡು ಬೇರೆ ಬೇರೆ ದತ್ತಾಂಶಗಳನ್ನು ಮಾಡಿ ತೋರಿಸಿದಾಗ ಅದರ ಮಾನ ಹೋಯಿತು. ಇನ್ನೊಂದು ಹ್ಯಾಶ್ ವಿಧಾನವಾದ ಶಾ-1ರ ಗತಿಯೂ 2017ರ ಫೆಬ್ರವರಿಯಲ್ಲಿ ಹಾಗೇ ಆಯಿತು. ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್ ಸೇರಿ, ನೋಡಲು ಬೇರೆ, ಶಾ-1ರಲ್ಲಿ ಒಂದೇ ಆಗುವ ಎರಡು ಪಿಡಿಎಫ್‌ಗಳನ್ನು ಪ್ರಕಟಿಸಿದವು. ಇಂದು ಸಾಮಾನ್ಯ ಬಳಕೆಗೆ ಶಾ-256 ಸಾಕು. ಅದರ ಉತ್ತರ 256 ಬಿಟ್‌ಗಳದು. 64 ಅಕ್ಷರ-ಅಂಕಿಗಳಾಗಿ ತೆರೆಯ ಮೇಲೆ ಕಾಣುತ್ತದೆ. ಸಾಧ್ಯವಿರುವ ಉತ್ತರಗಳ ಎಣಿಕೆಯನ್ನು ದಶಮಾನದಲ್ಲಿ ಬರೆದರೆ 78 ಅಂಕಿಗಳಾಗುತ್ತದೆ.

ಮಾಡುವ ಬಗೆ

ಮೊದಲ ನಿಯಮ, ಕೋಡನ್ನು ಕಡತವಾಗಿ ಇಳಿಸಿಕೊಳ್ಳಬೇಕು. ‘ಕರ್ಲ್’ ಆಜ್ಞೆಯಿಂದ ತಂದದ್ದನ್ನು ನೇರವಾಗಿ ‘ಬ್ಯಾಶ್’ ಬಾಯಿಗೆ ಸುರಿಯುವ ಒಂದು ಸಾಲಿನ ಸೂಚನೆಗಳು ಎಲ್ಲೆಲ್ಲೂ ಸಿಗುತ್ತವೆ. ಅಲ್ಲಿ ತಾಳೆ ನೋಡಲು ಜಾಗವೇ ಇಲ್ಲ. ಹಾಲನ್ನು ಕರೆಯುತ್ತಲೇ ಕುಡಿದ ಹಾಗೆ. ನಡುವೆ ಸಂಪರ್ಕ ಕಡಿದರೆ ಅರ್ಧ ಕೋಡ್ ಮಾತ್ರ ಓಡುವ ಅಪಾಯ ಬೇರೆ. ಎಚ್ಚರಿಕೆಯುಳ್ಳವರು ಇಡೀ ಸ್ಕ್ರಿಪ್ಟನ್ನು ಒಂದು ಫಂಕ್ಷನ್ನಿನೊಳಗಿಟ್ಟು ಕೊನೆಯ ಸಾಲಿನಲ್ಲಿ ಅದನ್ನು ಕರೆಯುವುದು ಇದೇ ಕಾರಣಕ್ಕೆ.

ಕಡತ ಬಂದ ಮೇಲೆ ಲಿನಕ್ಸಿನಲ್ಲಿ ‘ಶಾ256ಸಮ್’, ಮ್ಯಾಕ್‌ನಲ್ಲಿ ‘ಶಾಸಮ್’ ಆಜ್ಞೆಯನ್ನು 256 ಎಂಬ ಸೂಚನೆಯೊಡನೆ, ವಿಂಡೋಸ್ ಪವರ್‌ಶೆಲ್‌ನಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಕೊಟ್ಟರೆ ಉತ್ತರ ಸಿಗುತ್ತದೆ. ಹಳೆಯ ವಿಂಡೋಸ್ ಯಂತ್ರಗಳಲ್ಲಿ ‘ಸರ್ಟ್‌ಯುಟಿಲ್’ ಕೂಡ ಈ ಕೆಲಸ ಮಾಡುತ್ತದೆ. ಉತ್ತರದ ಅಕ್ಷರಗಳು ಒಂದು ಕಡೆ ದೊಡ್ಡವು, ಇನ್ನೊಂದು ಕಡೆ ಚಿಕ್ಕವು ಇದ್ದರೆ ಗಾಬರಿ ಬೇಡ, ಅದು ಬರಿಯ ಬರೆಯುವ ರೀತಿ. ಉತ್ತರ ‘ಇ3ಬಿ0ಸಿ442’ ಎಂದು ಶುರುವಾದರೆ ಮಾತ್ರ ಕಡತವನ್ನೊಮ್ಮೆ ತೆರೆದು ನೋಡಬೇಕು. ಅದು ಖಾಲಿ ಕಡತದ ಶಾ-256. ಇಳಿಸಿಕೊಳ್ಳುವಿಕೆ ವಿಫಲವಾಗಿ ಹೆಸರು ಮಾತ್ರ ಉಳಿದಿರುತ್ತದೆ. ತಾಳೆಯನ್ನು ಕಣ್ಣಿಗಿಂತ ಯಂತ್ರಕ್ಕೆ ಬಿಡುವುದು ಲೇಸು. ‘ಶಾ256ಸಮ್’ಗೆ ‘-ಸಿ’ ಎಂಬ ಸೂಚನೆಯೊಡನೆ ಪ್ರಕಟಿತ ಪಟ್ಟಿಯನ್ನು ಕೊಟ್ಟರೆ ಅದೇ ಹೋಲಿಸಿ ಹೇಳುತ್ತದೆ.

ಕಣ್ಣಿನ ತಪಾಸಣೆಯನ್ನು ಏಕೆ ನಂಬಬಾರದು ಎಂಬುದಕ್ಕೆ ಲೆಕ್ಕವೇ ಇದೆ. ಹೆಚ್ಚಿನವರು ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಸುಮ್ಮನಾಗುತ್ತಾರೆ. ಅಂದರೆ 256 ಬಿಟ್‌ಗಳ ಬೀಗದಲ್ಲಿ 32 ಬಿಟ್ ಮಾತ್ರ ಪರೀಕ್ಷಿಸಿದಂತೆ. ಆ ಎಂಟು ಜಾಗಗಳಲ್ಲಿ ಹೊಂದುವ ಕಡತ ಬೇಕೆಂದರೆ ಸುಮಾರು 429 ಕೋಟಿ ಪ್ರಯತ್ನಗಳು ಸಾಕು. ಆಟದ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ಅದು ಚಹಾ ಆರುವಷ್ಟು ಹೊತ್ತಿನ ಕೆಲಸವೂ ಅಲ್ಲ. ಇಂಥ ಸಡಿಲಿಕೆ ಯಂತ್ರದ ತಾಳೆಯಲ್ಲೂ ಇರಬಹುದು. ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ಭಾಷೆಯ ‘ಡೆವ್‌ಟೂಲ್ಸ್’ ಸಂಗ್ರಹದಲ್ಲಿ ಜಾಲದ ಮೇಲಿನ ತುಣುಕನ್ನು ನೇರವಾಗಿ ಓಡಿಸುವ ಎರಡು ಸಾಧನಗಳಿವೆ: ‘ಸೋರ್ಸ್_ಯುಆರ್‌ಎಲ್’ ಮತ್ತು ‘ಸೋರ್ಸ್_ಗಿಸ್ಟ್’. ಇವೆರಡಕ್ಕೂ ಶಾ-1 ಉತ್ತರವನ್ನು ಜೊತೆಗೆ ಕೊಟ್ಟರೆ, ತಾಳೆಯಾಗದ ಕೋಡನ್ನು ಅವು ಓಡಿಸುವುದಿಲ್ಲ. ಒಳ್ಳೆಯ ಏರ್ಪಾಡು. ಆದರೆ ಉತ್ತರದ ಮೊದಲ ಆರು ಅಕ್ಷರ ಕೊಟ್ಟರೂ ನಡೆಯುತ್ತದೆ ಎಂಬ ರಿಯಾಯಿತಿ ಅದರಲ್ಲಿದೆ. ಆರು ಅಕ್ಷರವೆಂದರೆ 1,67,77,216 ಸಾಧ್ಯತೆಗಳು. ಸಾಧಾರಣ ಲ್ಯಾಪ್‌ಟಾಪಿಗೇ ಅಷ್ಟನ್ನು ತಡಕಲು ಬರುತ್ತದೆ. ನಿನ್ನೆ ಓಡಿದ ತುಣುಕು ಇವತ್ತು ಬದಲಾಗಿದೆಯೇ ಎಂದು ತಿಳಿಯಲು ಆರು ಸಾಕು. ದುರುದ್ದೇಶದವರನ್ನು ತಡೆಯಲು 40 ಅಕ್ಷರಗಳನ್ನೂ ಬರೆಯಬೇಕು.

ಕಣ್ಣಿಗೆ ಒಂದೇ, ಬೈಟಿಗೆ ಬೇರೆ

ತಾಳೆಯಾಗಲಿಲ್ಲ ಎಂದ ಕೂಡಲೇ ಕಳ್ಳತನವೆಂದು ತಿಳಿಯಬೇಕಿಲ್ಲ. ತೆರೆಯ ಮೇಲಿನ ಕೋಡನ್ನು ಎಳೆದು ನಕಲು ಮಾಡಿ ಹೊಸ ಕಡತದಲ್ಲಿ ಅಂಟಿಸಿದರೆ ಉತ್ತರ ಹೊಂದುವುದು ಅಪರೂಪ. ವಿಂಡೋಸ್ ಸಾಲಿನ ಕೊನೆಗೆ ಎರಡು ಬೈಟ್ ಇಡುತ್ತದೆ, ಲಿನಕ್ಸ್ ಒಂದು. ಕೊನೆಯ ಸಾಲಿನ ನಂತರದ ಖಾಲಿ ಸಾಲು ಬಿಟ್ಟುಹೋಗಿರಬಹುದು. ಸಂದೇಶದ ಆ್ಯಪ್ ಅಥವಾ ವರ್ಡ್ ಕಡತದ ಮೂಲಕ ಹಾದುಬಂದ ಕೋಡಿನಲ್ಲಿ ನೆಟ್ಟಗಿನ ಉದ್ಧರಣ ಚಿಹ್ನೆಗಳು ಬಾಗಿಕೊಂಡಿರಬಹುದು. ಹಾಗಾದ ಕೋಡ್ ಓಡುವುದೂ ಇಲ್ಲ. ಆದ್ದರಿಂದ ಮೂಲ ಕಡತವನ್ನೇ ಇಳಿಸಿಕೊಂಡು ಲೆಕ್ಕ ಹಾಕಬೇಕು.

ಕನ್ನಡದಲ್ಲಿ ಬರೆದ ಸಾಲುಗಳಿದ್ದರೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಇದನ್ನು ಇಂಗ್ಲಿಷಿನ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಯೂನಿಕೋಡಿನಲ್ಲಿ ‘ಕೋ’ ಎಂಬ ಅಕ್ಷರವನ್ನು ಎರಡು ಸಂಕೇತಗಳಲ್ಲಿ ಬರೆಯಬಹುದು: ಕಕಾರ, ಅದಕ್ಕೆ ಓತ್ವದ ಚಿಹ್ನೆ. ಅದೇ ಅಕ್ಷರವನ್ನು ನಾಲ್ಕು ಸಂಕೇತಗಳಲ್ಲೂ ಬರೆಯಬಹುದು: ಕಕಾರ, ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಬಾಲ. ಎರಡೂ ಒಂದೇ ಎಂದು ಯೂನಿಕೋಡ್ ಶಿಷ್ಟತೆಯೇ ಒಪ್ಪುತ್ತದೆ. ತೆರೆಯ ಮೇಲೂ ಒಂದೇ ಥರ ಕಾಣುತ್ತವೆ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಹಾಗಾಗಿ ಮೊದಲನೆಯದು 6 ಬೈಟ್, ಎರಡನೆಯದು 12. ಹ್ಯಾಶ್ ನೋಡುವುದು ಬೈಟನ್ನು, ಅಕ್ಷರವನ್ನಲ್ಲ. ಕೀ, ಕೇ, ಕೈ, ಕೊ ಇವಕ್ಕೂ ಇದೇ ಇಬ್ಬಗೆ ಇದೆ.

ಇನ್ನು ಕಾಣದ ಅಕ್ಷರಗಳು. ಈ ಲೇಖನದ ಶೀರ್ಷಿಕೆಯ ‘ಚೆಕ್‌ಸಮ್’ ಎಂಬ ಪದದಲ್ಲೇ ಒಂದು ಕುಳಿತಿದೆ. ಸಕಾರವು ಕಕಾರಕ್ಕೆ ಒತ್ತಾಗಿ ಅಂಟಿಕೊಳ್ಳದಿರಲಿ ಎಂದು ನಡುವೆ ಅಗಲವೇ ಇಲ್ಲದ ಒಂದು ಬೇರ್ಪಡಿಕೆಯ ಸಂಕೇತ ಹಾಕಿದೆ. ಅದು ಇದ್ದರೆ ಪದಕ್ಕೆ 24 ಬೈಟ್, ಇಲ್ಲದಿದ್ದರೆ 21. ಇಲ್ಲಿ ಅದು ಅಂದಕ್ಕಾಗಿ ಇದೆ. ಕೋಡಿನೊಳಗೆ ಇಂಥದು ನುಸುಳಿದರೆ ಮೋಸಕ್ಕೂ ದಾರಿಯಾಗುತ್ತದೆ. ಪಠ್ಯದ ದಿಕ್ಕು ತಿರುಗಿಸುವ ಕಾಣದ ಸಂಕೇತಗಳಿಂದ, ಓದುವವರಿಗೆ ಒಂದು ಅರ್ಥ, ಕಂಪೈಲರಿಗೆ ಇನ್ನೊಂದು ಅರ್ಥ ಬರುವಂತೆ ಕೋಡ್ ಬರೆಯಬಹುದೆಂದು ಕೇಂಬ್ರಿಜ್‌ನ ನಿಕೊಲಸ್ ಬೌಚರ್ ಮತ್ತು ರಾಸ್ ಆ್ಯಂಡರ್ಸನ್ 2021ರಲ್ಲಿ ತೋರಿಸಿದರು. ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡದ ಹೆಸರಿಡಬಹುದು. ಎರಡು ಬಗೆಯಲ್ಲಿ ಬರೆದ ‘ಕೋ’ವನ್ನು ಪೈಥಾನ್ ಒಂದೇ ಹೆಸರೆಂದು ಸಮೀಕರಿಸಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್ ಹಾಗೆ ಮಾಡುವುದಿಲ್ಲ. ಅಲ್ಲಿ ಅವು ಎರಡು ಬೇರೆ ಬೇರೆ ಚರಗಳು, ನೋಡುವವರಿಗೆ ಮಾತ್ರ ಅವಳಿಗಳು.

ಸಂಖ್ಯೆ ಯಾರ ಕೈಯಿಂದ ಬಂತು

ತಪಾಸಣೆಯ ಬಲವೆಲ್ಲ ಇಲ್ಲಿದೆ. ಕೋಡ್ ಸಿಕ್ಕ ಪುಟದಲ್ಲೇ ಅದರ ಚೆಕ್‌ಸಮ್ಮೂ ಇದ್ದರೆ, ಪುಟವನ್ನು ವಶಮಾಡಿಕೊಂಡವನು ಎರಡನ್ನೂ ಬದಲಿಸಬಲ್ಲ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಾಣಕ್ಕೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು ಹಿಂಬಾಗಿಲಿಟ್ಟ ಕಡತದ ಕಡೆಗೆ ತಿರುಗಿಸಿದ್ದರು. ಆ ದಿನ ಇಳಿಸಿಕೊಂಡವರು ಎಂಡಿ5 ತಾಳೆ ನೋಡಿಕೊಳ್ಳಲಿ ಎಂದು ತಂಡದವರು ಸರಿಯಾದ ಉತ್ತರಗಳನ್ನು ಪ್ರಕಟಿಸಬೇಕಾಯಿತು. ಆದರೆ ತಾಣವೇ ಕೈತಪ್ಪಿದ ಹೊತ್ತಿನಲ್ಲಿ ಅದರ ಮೇಲಿನ ಸಂಖ್ಯೆಗೆ ಏನು ಬೆಲೆ?

ಇದಕ್ಕೆ ಪ್ರತಿಯಾಗಿ, ತಪಾಸಣೆ ನಿಜಕ್ಕೂ ಕೈಹಿಡಿದ ಪ್ರಸಂಗ ಕೋಡ್‌ಕೋವ್ ಕಂಪನಿಯದು. ಸಾವಿರಾರು ತಂಡಗಳು ಅದರ ಬ್ಯಾಶ್ ಸ್ಕ್ರಿಪ್ಟೊಂದನ್ನು ಪ್ರತಿಸಲವೂ ಜಾಲದಿಂದ ತಂದು ಹಾಗೇ ಓಡಿಸುತ್ತಿದ್ದವು. 2021ರ ಜನವರಿ 31ರಿಂದ ಆ ಸ್ಕ್ರಿಪ್ಟನ್ನು ಯಾರೋ ಆಗಾಗ ತಿದ್ದುತ್ತಿದ್ದರು. ಸೇರಿಸಿದ್ದು ಒಂದು ಸಾಲು. ಅದು ಓಡಿಸಿದವರ ಯಂತ್ರದಲ್ಲಿನ ಗುಪ್ತಪದ, ಕೀಲಿಗಳನ್ನು ಹೊರಗಿನ ಸರ್ವರಿಗೆ ಕಳುಹಿಸುತ್ತಿತ್ತು. ಏಪ್ರಿಲ್ 1ರಂದು ಒಬ್ಬ ಗ್ರಾಹಕರು ತಾವು ಇಳಿಸಿಕೊಂಡ ಸ್ಕ್ರಿಪ್ಟಿನ ಹ್ಯಾಶ್, ಗಿಟ್‌ಹಬ್‌ನಲ್ಲಿ ಪ್ರಕಟಿಸಿದ ಹ್ಯಾಶಿಗೆ ಹೊಂದುತ್ತಿಲ್ಲವೆಂದು ತಿಳಿಸಿದರು. ತಿದ್ದುಪಡಿ ಶುರುವಾಗಿ ಆಗಲೇ ಎರಡು ತಿಂಗಳಾಗಿತ್ತು. ಕೋಡ್ ಒಂದು ಜಾಗದಲ್ಲಿ, ಸಂಖ್ಯೆ ಇನ್ನೊಂದು ಜಾಗದಲ್ಲಿ ಇದ್ದದ್ದರಿಂದಲೇ ಗುಟ್ಟು ರಟ್ಟಾಯಿತು.

ಮಾಡುವವರು ಬೇರೆ, ಪರೀಕ್ಷಿಸುವವರು ಬೇರೆ ಎಂಬ ಈ ತತ್ವ ಹುಬ್ಬಳ್ಳಿಗೆ ಚೆನ್ನಾಗಿ ಗೊತ್ತು. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹೊಲಿಯುವ ರಾಷ್ಟ್ರಧ್ವಜವನ್ನು ಅಳೆಯುವ ಶಿಷ್ಟತೆ ಸಂಘದ್ದಲ್ಲ, ಭಾರತೀಯ ಮಾನಕ ಬ್ಯೂರೋದ್ದು. ಬಟ್ಟೆಯ ನೇಯ್ಗೆ, ಬಣ್ಣ, ಅಳತೆ ಎಲ್ಲವೂ ಆ ಹೊರಗಿನ ಮಾನದಂಡಕ್ಕೆ ಹೊಂದಬೇಕು. ತಾನೇ ಹೊಲಿದು ತಾನೇ ಮುದ್ರೆ ಒತ್ತಿಕೊಂಡರೆ ಆ ಮುದ್ರೆಗೆ ಅರ್ಥವಿಲ್ಲ.

ಕೋಡಿನ ಲೋಕದಲ್ಲಿ ಈ ಹೊರಗಿನ ಸಾಕ್ಷಿಯನ್ನು ಹಲವು ಬಗೆಯಲ್ಲಿ ಕಟ್ಟಿಕೊಂಡಿದ್ದಾರೆ. ಬರೆದವರ ಡಿಜಿಟಲ್ ಸಹಿ ಒಂದು; ಸಂಖ್ಯೆಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು, ಸಹಿಯನ್ನು ಖಾಸಗಿ ಕೀಲಿಯಿದ್ದವರು ಮಾತ್ರ ಮಾಡಬಲ್ಲರು. ಗೋ ಭಾಷೆ 2019ರ 1.13ನೇ ಆವೃತ್ತಿಯಿಂದ ಎಲ್ಲರೂ ನೋಡಬಹುದಾದ ಚೆಕ್‌ಸಮ್ ಭಂಡಾರದೊಡನೆ ತಾನಾಗಿಯೇ ಹೋಲಿಸುತ್ತದೆ. ಪೈಥಾನಿನ ‘ಪಿಪ್’ಗೆ ಹ್ಯಾಶ್ ಇಲ್ಲದ ಯಾವುದನ್ನೂ ಹಾಕಬೇಡ ಎಂದು ಆಜ್ಞಾಪಿಸಬಹುದು. ಗಿಟ್‌ಹಬ್‌ನಿಂದ ತುಣುಕು ತರುವವರು ಶಾಖೆಯ ಹೆಸರಿನ ಬದಲು 40 ಅಕ್ಷರಗಳ ಕಮಿಟ್ ಗುರುತನ್ನು ಬಳಸಿದರೆ ಅರ್ಧ ಕೆಲಸ ಮುಗಿದಂತೆ; ಶಾಖೆ ನಾಳೆ ಬೇರೆಯದನ್ನು ತೋರಿಸಬಹುದು, ಕಮಿಟ್ ಗುರುತು ವಿಷಯದಿಂದಲೇ ಹುಟ್ಟಿದ್ದು. ಏನೂ ಇಲ್ಲದಿದ್ದರೆ ಕೋಡನ್ನು ಒಮ್ಮೆ ಓದಿ, ತಾವೇ ಹ್ಯಾಶ್ ತೆಗೆದು ಬರೆದಿಟ್ಟುಕೊಳ್ಳುವುದು ಕೂಡ ಪ್ರಯೋಜನಕ್ಕೆ ಬರುತ್ತದೆ. ಮುಂದಿನ ಸಲ ಬದಲಾಗಿದ್ದರೆ ಮತ್ತೆ ಓದಬೇಕೆಂದು ಗೊತ್ತಾಗುತ್ತದೆ.

ಬರೆದವರೇ ಕೈಕೊಟ್ಟರೆ? 2024ರ ಮಾರ್ಚ್ 29ರಂದು ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬಯಲಿಗೆಳೆದ ಎಕ್ಸ್‌ಝಡ್ ಪ್ರಕರಣದಲ್ಲಿ ಆದದ್ದು ಅದೇ. ದೂರದಿಂದ ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂಬ ಕಿರಿಕಿರಿಯಿಂದ ಅವರ ಹುಡುಕಾಟ ಶುರುವಾಯಿತು. ಲಿನಕ್ಸ್ ಲೋಕದಲ್ಲೆಲ್ಲ ಬಳಕೆಯಲ್ಲಿರುವ, ಕಡತ ಕುಗ್ಗಿಸುವ ಆ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲಿತ್ತು. ಅದನ್ನು ಇಟ್ಟದ್ದು ವರ್ಷಗಟ್ಟಲೆ ವಿಶ್ವಾಸ ಗಳಿಸಿ ನಿರ್ವಾಹಕನಾದ ಖಾತೆ. ಚೆಕ್‌ಸಮ್ ಸರಿಯಿತ್ತು, ಸಹಿಯೂ ಸರಿಯಿತ್ತು. ಹಂಚಿದ ಕಡತದಲ್ಲಿದ್ದ ಒಂದು ಮುಖ್ಯ ತುಂಡು ಗಿಟ್ ಭಂಡಾರದಲ್ಲಿ ಇರಲಿಲ್ಲ. ಆ ಎರಡನ್ನೂ ಹೋಲಿಸಿದ್ದರೆ ವ್ಯತ್ಯಾಸ ಕಾಣುತ್ತಿತ್ತು. ಹಾಗೆ ಹೋಲಿಸುವ ರೂಢಿ ಹೆಚ್ಚಿನವರಿಗೆ ಇರಲಿಲ್ಲ. ಆದ್ದರಿಂದ ತಾಳೆಯಾದ ಕೋಡನ್ನೂ ನಿರ್ವಾಹಕನ ಅಧಿಕಾರವಿಲ್ಲದ ಖಾತೆಯಲ್ಲೋ, ಕಂಟೇನರ್ ಅಥವಾ ವರ್ಚುವಲ್ ಯಂತ್ರದಲ್ಲೋ ಮೊದಲು ಓಡಿಸಿ ನೋಡುವುದು ವಾಡಿಕೆ.

ನ್ಯಾಯಾಲಯದಲ್ಲಿ ಹ್ಯಾಶ್

ಕೋಡ್ ಬರೆಯುವವರ ಈ ಅಭ್ಯಾಸ ಈಗ ಕಾನೂನಿನ ಪುಟಕ್ಕೂ ಬಂದಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000, ತನ್ನ 3ನೇ ಕಲಮಿನಲ್ಲಿ ಹ್ಯಾಶ್ ಫಲನವೆಂದರೇನೆಂದು ವಿವರಿಸುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023, ಇನ್ನೂ ಮುಂದೆ ಹೋಯಿತು. ಅದರ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಿಸುವಾಗ ಜೊತೆಗಿಡುವ ಪ್ರಮಾಣಪತ್ರದ ನಮೂನೆಯಲ್ಲಿ ದಾಖಲೆಯ ಹ್ಯಾಶ್ ಬರೆಯಬೇಕು. ಯಾವ ವಿಧಾನದಿಂದ ಬಂದದ್ದೆಂದು ಗುರುತು ಹಾಕಬೇಕು. ನಮೂನೆಗೆ ಎರಡು ಭಾಗ: ಒಂದನ್ನು ದಾಖಲೆ ಒಪ್ಪಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಅವಳಿ ನಗರಕ್ಕೆ ಇದೂ ಹತ್ತಿರದ ವಿಷಯವೇ. ಕರ್ನಾಟಕ ಉಚ್ಚ ನ್ಯಾಯಾಲಯದ ಪೀಠ 2008ರಿಂದ ಸಂಚಾರಿಯಾಗಿ, 2013ರಿಂದ ಕಾಯಂ ಆಗಿ ಧಾರವಾಡದಲ್ಲಿದೆ. ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದು ಹುಬ್ಬಳ್ಳಿಯ ನವನಗರದಲ್ಲಿ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಆವರಣಕ್ಕೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ವಶಪಡಿಸಿಕೊಂಡ ಹಾರ್ಡ್ ಡಿಸ್ಕಿನ ಪ್ರತಿ ತೆಗೆಯುವಾಗ ಮೂಲದ್ದೂ ಪ್ರತಿಯದೂ ಹ್ಯಾಶ್ ಬರೆದಿಡುವುದು ಈ ವಿಜ್ಞಾನದ ಮೊದಲ ಪಾಠಗಳಲ್ಲೊಂದು.

ನಮೂನೆಯಲ್ಲಿ ಹೆಸರಿಸಿದ ವಿಧಾನಗಳು ಶಾ-1, ಶಾ-256 ಮತ್ತು ಎಂಡಿ5; ಉಳಿದವಕ್ಕೆ ‘ಇತರ’ ಎಂಬ ಸ್ಥಾನವಿದೆ. 2004ರಲ್ಲಿ ಮುರಿದುಬಿದ್ದ ಎಂಡಿ5 ಅನ್ನು 2023ರ ಕಾನೂನು ಹೆಸರಿಟ್ಟು ಕರೆದದ್ದು ವಿಚಿತ್ರವೆನಿಸಬಹುದು. ಆದರೆ ಎಂಡಿ5ರಲ್ಲಿ ಮುರಿದದ್ದು, ಒಬ್ಬನೇ ಮೊದಲೇ ಕೂತು ಒಂದೇ ಉತ್ತರದ ಎರಡು ಕಡತ ತಯಾರಿಸಲಾಗದು ಎಂಬ ಭರವಸೆ. ಬೇರೆಯವರ ಕಡತ ಎದುರಿಗಿದ್ದಾಗ ಅದಕ್ಕೆ ಸರಿಜೋಡಿ ಕಟ್ಟುವುದು ಎಂಡಿ5ರಲ್ಲೂ ಇನ್ನೂ ಯಾರಿಗೂ ಕೈಗೂಡಿಲ್ಲ. ಹಾಗಾಗಿ ವಶಪಡಿಸಿಕೊಂಡ ಫೋನಿನ ದಾಖಲೆಗೆ ಎಂಡಿ5 ಕೂಡಲೇ ನಿರುಪಯೋಗಿಯಲ್ಲ. ದಾಖಲೆಯನ್ನು ಹುಟ್ಟಿಸಿದವನೇ ಅದನ್ನು ಒಪ್ಪಿಸುವಾಗ ಮಾತ್ರ ಪ್ರತಿಪಕ್ಷದ ವಕೀಲರಿಗೆ ಪ್ರಶ್ನೆ ಕೇಳಲು ಕಾರಣವಿದೆ. ಹಂಚಿಕೆಯ ಕೋಡಿನ ಸ್ಥಿತಿ ಈ ಎರಡನೆಯ ಬಗೆಯದು: ಹುಟ್ಟಿಸಿದವರೂ ಸಂಖ್ಯೆ ಕೊಡುವವರೂ ಒಬ್ಬರೇ. ವಿಧಾನದ ಹೆಸರು ಬರೆಯದ ಸಂಖ್ಯೆಯನ್ನು ಉದ್ದದಿಂದ ಗುರುತಿಸುವ ರೂಢಿಯಿದೆ: 32 ಅಕ್ಷರವಾದರೆ ಎಂಡಿ5, 40 ಆದರೆ ಶಾ-1, 64 ಆದರೆ ಶಾ-256. 2015ರಲ್ಲಿ ಶಿಷ್ಟತೆಯಾದ ಶಾ-3ರ ಒಂದು ಬಗೆಯೂ 64 ಅಕ್ಷರಗಳದೇ ಆದ್ದರಿಂದ, ಉದ್ದ ನೋಡಿ ವಿಧಾನ ಊಹಿಸಿದವರಿಗೆ ಸರಿಯಾದ ಕಡತವೂ ತಾಳೆಯಾಗದೆ ಹೋಗಬಹುದು.